ಹುಲಿಯಪ್ಪನ ಹೇಳಿಕೆ

"ಬಾರಲೇ ಹುಲ್ಯಾ, ಮುಂದಕ್ಕೆ ಬಾ. ಹೊಸ ಮದಲಗಿತ್ತಿ ಹಂಗೆ ನಾಚ್ಕಂತೀಯಲ್ಲಲೇ ಬೋಳಿಮಗನೆ!"

ಕಣದ ನಡುವೆ ನಿಂತು ಪಂಚಾಕ್ಷರಪ್ಪ ಗೌಡ ಕೂಗಿದ. ಅವನ ಕೈಯಲ್ಲಿ ಮಡಿಕೆ ಬಿಚ್ಚದ ಹೊಸ ಪಂಚೆಯಿತ್ತು. ತೆನೆಯ ಮೇಲೆ ಉರುಳಿಸುವ ರೋಣಗಲ್ಲಿನ ಎತ್ತುಗಳನ್ನು ಹೊಡೆಯುತ್ತಿದ್ದ ಹುಲಿಯಪ್ಪ ಹಗ್ಗ ಬಿಟ್ಟು ಬಂದ. ಬತ್ತದ ಧೂಳು ಕೂತು ಅವನ ಕಣ್ಣರೆಪ್ಪೆಗಳು ಬೆಳ್ಳಗಾಗಿದ್ದವು. ತೂರುತ್ತಿದ್ದ ಹೆಂಗಸರು ಮೊರ ಕೆಳಗಿಟ್ಟು ನೋಡತೊಡಗಿದರು.

"ಎಲ್ಲ ಕೇಳ್ರಲೇ. ಕೇರಿಯೊಳಗೆ ತಿಂದ ಅನ್ನದ ಋಣ ಗೊತ್ತಿರೋನು ಇವನೊಬ್ಬನೇ. ಒಡಹುಟ್ಟಿದೋನು ಸತ್ತಾನೆ ಅಂತ ನೋಡಲಿಲ್ಲ. ಕೋರ್ಟಿನಾಗೆ ನಿಂತು, ನಮ್ಮಣ್ಣ ಕುಡಿದು ಹುಣಸೆಮರದಿಂದ ಬಿದ್ದು ಸತ್ತ, ಗೌಡ್ರು ಅವನ ಮೈ ಮುಟ್ಟಿಲ್ಲ ಅಂತ ಇದ್ದದ್ದು ಇದ್ದಂಗೆ ಹೇಳಿದ. ಅದಕ್ಕೇ ಇದು. ಹಿಡಿ."

ಗೌಡ ಪಂಚೆಯನ್ನು ಎಸೆದ. ಅದು ಹುಲಿಯಪ್ಪನ ಎದೆಗೆ ತಾಗಿ ಹೊಟ್ಟಿನ ಮೇಲೆ ಬಿತ್ತು.

"ನಾ ಹಂಗೆ ಹೇಳಿಲ್ಲ," ಎಂದ ಹುಲಿಯಪ್ಪ.

"ಏನಂದೆ?"

"ನಾ ಹಂಗೆ ಹೇಳಿಲ್ಲ ಗೌಡ್ರೆ. ನೀವು ಹೊಡದ್ರಿ ಅಂತ ಹೇಳೀನಿ."

ಗೌಡನಿಗೆ ಸಿಟ್ಟು ಬರಲಿಲ್ಲ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಹಂಗಾದ್ರೆ ನಾ ಯಾಕಲೇ ಇಲ್ಲಿ ನಿಂತೀನಿ? ಜೈಲಿನಾಗೆ ಇರಬೇಕಿತ್ತಲ್ಲ? ನೀ ಹೇಳಿದ್ದನ್ನ ನಮ್ಮ ವಕೀಲ್ರು ನಂಗೆ ಪೂರಾ ಓದಿ ಹೇಳಿದಾರೆ. ಕೆಳಗೆ ನಿನ್ನ ಹೆಬ್ಬೆಟ್ಟೂ ಐತಿ. ಅಲ್ಲಿ ಬಾಲ ಮುದುರ್ಕಂಡು ಈಗ ಕೇರಿ ಹೆಂಗಸರ ಮುಂದೆ ಗಂಡಸ್ತನ ತೋರಸ್ತೀಯೇನಲೇ?"

ಗೌಡನ ಕಡೆಯ ಆಳುಗಳು ನಕ್ಕರು. ಕೇರಿಯವರು ನಗಲಿಲ್ಲ. ಆದರೆ ಯಾರೂ ಹುಲಿಯಪ್ಪನ ಮುಖ ನೋಡಲಿಲ್ಲ.

ಹೆಂಗಸರ ಸಾಲಿನಿಂದ ಸುಂಕಲಮ್ಮ ಎದ್ದು ಬಂದಳು. ಸತ್ತ ಕೆಂಪಪ್ಪನ ಹೆಂಡತಿ ಅವಳು, ಹುಲಿಯಪ್ಪನ ಅತ್ತಿಗೆ. ಬಿದ್ದ ಪಂಚೆಯನ್ನು ಎತ್ತಿ, ಹೊಟ್ಟು ಕೊಡವಿ, ಮೈದುನನ ಹೆಗಲ ಮೇಲೆ ಹಾಕಿದಳು.

"ಉಟ್ಕೊ," ಎಂದಳು. "ನಿಮ್ಮಣ್ಣನ್ನ ಮಣ್ಣು ಮಾಡುವಾಗ ಮ್ಯಾಲೆ ಹೊಚ್ಚಾಕೆ ಹೊಸ ಬಟ್ಟೆ ಸಿಗಲಿಲ್ಲ. ನೀನಾದ್ರೂ ಉಟ್ಕೊ."

ಉಡುತಡಿಯಿಂದ ಆಚೆಗೆ, ಗುಡ್ಡದ ಮಗ್ಗುಲಿಗೆ ಇದ್ದ ಊರು ಅದು. ಕೆಂಪಪ್ಪ ಗೌಡನ ಒಂದು ತುಂಡು ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ. ಕನ್ನಡದವರ ರಾಜ್ಯ ಒಂದಾಯಿತೆಂದು ಶಿಕಾರಿಪುರದಲ್ಲಿ ಬಾವುಟ ಕಟ್ಟಿದ್ದ ಕಾರ್ತೀಕ ಮಾಸದಲ್ಲಿ ಮಳೆ ಬೇಗ ಹಿಂದೆಗೆದು, ಹಾಲು ತುಂಬುತ್ತಿದ್ದ ಬತ್ತ ಬಾಡತೊಡಗಿತು. ಗೌಡನ ಗದ್ದೆಗಳಲ್ಲಿ ಮೊಣಕಾಲಮಟ್ಟ ನೀರು ನಿಂತಿದ್ದರೂ ಕೆರೆಯ ತೂಬು ಅವನ ಕಡೆಗೇ ಹರಿಯುತ್ತಿತ್ತು. ಕೆಂಪಪ್ಪ ಕೇಳಿದ. ಇನ್ನೊಮ್ಮೆ ಕೇಳಿದ. ಆಮೇಲೆ ಕೇಳದೆ ಹೋಗಿ ನೀರು ತಿರುವಿಕೊಂಡ.

ಗೌಡನ ಆಳುಗಳು ಅವನನ್ನು ಹಿಡಿದು ತಂದು ಇದೇ ಕಣದಲ್ಲಿ ಗಾಡಿಯ ಗಾಲಿಗೆ ಕಟ್ಟಿದರು. ಗೌಡ ನೇಗಿಲಿನ ಮೇಣಿ ತೆಗೆದುಕೊಂಡ. ಅಣ್ಣನನ್ನು ಹುಡುಕಿಕೊಂಡು ಬಂದ ಹುಲಿಯಪ್ಪನನ್ನು ಇಬ್ಬರು ಬಣವೆಗೆ ಒತ್ತಿ ಹಿಡಿದಿದ್ದರು. ಅವನು ಎಲ್ಲವನ್ನೂ ನೋಡಿದ. ಕೆಂಪಪ್ಪ ಮಾರನೆಯ ಬೆಳಿಗ್ಗೆ ರಕ್ತ ಕಾರಿ ಸತ್ತ. ಸುಂಕಲಮ್ಮ ಆಗ ಬಸುರಿ.

ಪೊಲೀಸರು ಬಂದರು, ಬರೆದುಕೊಂಡರು. ಬೇಸಗೆಯಲ್ಲಿ ಮ್ಯಾಜಿಸ್ಟ್ರೇಟು ಸಾಹೇಬರು ಸುತ್ತಿನ ಮೇಲೆ ಬಂದು ಸೊರಬದ ಮುಸಾಫಿರಖಾನೆಯಲ್ಲಿ ಕ್ಯಾಂಪು ಕೋರ್ಟು ನಡೆಸಿದಾಗ ಒಬ್ಬ ಪೇದೆ ಹುಲಿಯಪ್ಪನನ್ನು ಕರೆದುಕೊಂಡು ಹೋದ. ಸುಂಕಲಮ್ಮ ಹಸಿ ಬಾಣಂತಿ. ಕೇರಿಯ ಬೇರೆ ಯಾರನ್ನೂ ಕರೆದಿರಲಿಲ್ಲ. ಹುಲಿಯಪ್ಪ ಸಾಕ್ಷಿ ಹೇಳಿ ಬಂದ. ಮಳೆ ಹಿಡಿಯುವುದರೊಳಗೆ ಗೌಡನ ಮೇಲಿನ ಕೇಸು ವಜಾ ಆಯಿತೆಂದು ಸುದ್ದಿ ಬಂತು. ದೊಡ್ಡವರ ಕೈ ಉದ್ದ ಎಂದುಕೊಂಡು ಕೇರಿ ಸುಮ್ಮನಾಗಿತ್ತು. ಈಗ ಕಣದಲ್ಲಿ ಎಲ್ಲರಿಗೂ ಬೇರೆಯೇ ಕಾರಣ ಸಿಕ್ಕಿತು.

ಸಂಜೆ ಹುಲಿಯಪ್ಪ ಅತ್ತಿಗೆಯ ಗುಡಿಸಲಿಗೆ ಹೋದ. ತಟ್ಟಿ ಮುಚ್ಚಿತ್ತು. ಒಳಗೆ ಮಗು ರೊಚ್ಚೆ ಹಿಡಿದಿತ್ತು.

"ಅತ್ತಿಗೆ, ನಾ ಹಂಗೆ ಹೇಳಿಲ್ಲ. ನಮ್ಮವ್ವನಾಣೆ."

ತಟ್ಟಿಗೆ ಬಾಯಿ ಹತ್ತಿರ ತಂದು ಮತ್ತೆ ಹೇಳಿದ.

"ಗಾಲಿಗೆ ಕಟ್ಟಿದ್ದು, ಮೇಣಿ ತಗಂಡು ಹೊಡದಿದ್ದು, ಅಣ್ಣ ನೀರು ಕೇಳಿದ್ದು, ಎಲ್ಲಾ ಹೇಳೀನಿ."

"ಯಾರ್ ಕೇಳಿದ್ರು?" ತಟ್ಟಿಯ ಹಿಂದಿನಿಂದ ಸುಂಕಲಮ್ಮನ ದನಿ ಬಂತು.

"ಸಾಹೇಬ್ರು ಕೂತಿದ್ರು. ಗುಮಾಸ್ತ ಬರಕಂತಿದ್ದ."

"ನಮ್ಮೋರು?"

"ನಮ್ಮೋರು ಯಾರಿದ್ರು ಅಲ್ಲಿ..."

"ಹಂಗಾದ್ರೆ ನೀ ಹೇಳಿದ್ದು ಗೌಡನಿಗೆ ಗೊತ್ತು, ನಿಂಗೆ ಗೊತ್ತು. ಅವನು ಒಂದು ಅಂತಾನೆ, ನೀನೊಂದು ಅಂತೀಯ. ನನ್ನ ಗಂಡ ಮಣ್ಣಾಗೆ ಅದಾನೆ. ನಾ ಯಾರನ್ನ ಕೇಳ್ಲಿ?"

"ಬರದಿರ್ತಾರಲ್ಲ ಅತ್ತಿಗೆ. ನಾ ಹೇಳಿದ್ದನ್ನೇ ಬರದಿರ್ತಾರೆ. ಆ ಕಾಗದ ತಂದು ನಿನ್ನ ಮುಂದೆ ಓದಸ್ತೀನಿ."

"ತಾ. ಅಲ್ಲಿಗಂಟ ಈ ಬಾಗಿಲಿಗೆ ಬರಬ್ಯಾಡ."

ಶಿಕಾರಿಪುರದ ಕೋರ್ಟಿನ ಮುಂದಿನ ಬೇವಿನ ಮರದಡಿ ಹುಚ್ಚರಾಯಪ್ಪನೆಂಬ ಅರ್ಜಿ ಬರೆಯುವವನು ಮರದ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದ. ಹುಲಿಯಪ್ಪ ಅವನಿಂದ ಮಾರು ದೂರದಲ್ಲಿ ಕುಕ್ಕರಗಾಲಲ್ಲಿ ಕೂತು ಸಂಗತಿ ಹೇಳಿದ. ಹುಚ್ಚರಾಯಪ್ಪ ಎಲೆಯಡಿಕೆ ಅಗಿಯುತ್ತ ಕೇಳಿದ.

"ಕೋರ್ಟಿನ ಕಾಗದ ಅಂದ್ರೆ ಸರ್ಕಾರದ ಕಾಗದ ಕಣಯ್ಯ. ಯಾರು ಬೇಕಾದ್ರೂ ಕೇಳಬಹುದು ಅಂತಾರೆ. ಆದ್ರೆ ಕೇಳೋ ದಾರಿ ಒಂದೈತಿ. ಮೊದಲು ಕೇಸಿನ ನಂಬರು ಬೇಕು. ಅದು ಗೊತ್ತಿಲ್ಲದಿದ್ರೆ ಹುಡುಕಿ ಕೊಡ್ರಿ ಅಂತ ಒಂದು ಅರ್ಜಿ. ನಂಬರು ಸಿಕ್ಕ ಮ್ಯಾಲೆ ನಕಲು ಕೊಡ್ರಿ ಅಂತ ಇನ್ನೊಂದು. ಅದಕ್ಕೆ ಸ್ಟಾಂಪು ಹಚ್ಚಬೇಕು. ನಕಲು ಬರಿಯೋ ಹಾಳೆನೂ ನೀನೇ ತಂದು ಕೊಡಬೇಕು. ನಂಬರು ಗೊತ್ತೇನು?"

"ಇಲ್ಲ ಸ್ವಾಮಿ."

"ಯಾವ ತಾರೀಕು ತೀರ್ಮಾನ ಆಗಿದ್ದು?"

"ಮಳೆ ಹಿಡಿಯಾಕೆ ಮುಂಚೆ."

ಹುಚ್ಚರಾಯಪ್ಪ ಎಲೆಯಡಿಕೆ ಉಗುಳಿ ಅರ್ಜಿ ಬರೆದು ಕೊಟ್ಟ. ಹುಲಿಯಪ್ಪ ಅದನ್ನು ಹಿಡಿದುಕೊಂಡು ಕಚೇರಿಯ ಕಿಟಕಿಯ ಹೊರಗೆ, ಅಂಗಳದಲ್ಲಿ ನಿಂತ. ಜಗಲಿ ಹತ್ತಬೇಡವೆಂದು ಯಾರೂ ಹೇಳಿರಲಿಲ್ಲ. ಹತ್ತು ಎಂದೂ ಹೇಳಿರಲಿಲ್ಲ. ಬಿಸಿಲು ನೆತ್ತಿಗೆ ಬಂದಾಗ ಗುಮಾಸ್ತ ಕಿಟಕಿಯಿಂದ ಕೈ ಚಾಚಿ ಅರ್ಜಿ ತೆಗೆದುಕೊಂಡ.

"ಆರೋಪಿ ಹೆಸರೇ ಬರೆದಿಲ್ಲವಲ್ಲ. ರಿಜಿಸ್ಟರು ಇರೋದು ಆರೋಪಿ ಹೆಸರಿನ ಮೇಲೆ. ಯಾರು ಆರೋಪಿ?"

"ಗೌಡ್ರು ಸ್ವಾಮಿ."

"ಯಾವ ಗೌಡ? ತಾಲ್ಲೂಕಿನಲ್ಲಿ ಊರಿಗೆ ಹತ್ತು ಗೌಡರಿದಾರೆ. ಹೆಸರು ಹೇಳು."

ಅವನ ಕೇರಿಯಲ್ಲಿ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಿದವರಿಲ್ಲ. ಅವನ ಅಪ್ಪ ಹೇಳಿರಲಿಲ್ಲ. ಅಣ್ಣ ಗಾಲಿಗೆ ಕಟ್ಟಿಸಿಕೊಂಡಾಗಲೂ 'ಧಣಿ, ಧಣಿ' ಎಂದೇ ಕೂಗಿದ್ದ.

"ಹೇಳೋ, ಹಿಂದೆ ಜನ ನಿಂತಿದಾರೆ."

"ಪಂಚಾಕ್ಷರಪ್ಪ," ಎಂದ ಹುಲಿಯಪ್ಪ. ಹೇಳಿ ಹಿಂದೆ ತಿರುಗಿ ನೋಡಿದ.

ಗುಮಾಸ್ತ ಎರಡು ರಿಜಿಸ್ಟರು ಮಗುಚಿದ. ನಂಬರೊಂದನ್ನು ಚೀಟಿಯಲ್ಲಿ ಗೀಚಿ ಹೊರಗೆ ಎಸೆದ. "ಕ್ಯಾಂಪಿನ ಕೇಸು. ಫೈಲು ಇಲ್ಲಿಗೆ ಬಂದಿಲ್ಲ. ಸೊರಬದಲ್ಲೇ ಉಳಿದಿದೆ. ಅಲ್ಲಿಗೆ ಹೋಗು."

ಸೊರಬಕ್ಕೆ ಹೋದ. ಕ್ಯಾಂಪಿನ ಕಾಗದಗಳನ್ನು ಇಟ್ಟ ಕೋಣೆಗೆ ಬೀಗ ಹಾಕಿತ್ತು. ಬೀಗದ ಕೈ ಇದ್ದ ಗುಮಾಸ್ತ ಮಧ್ಯಾಹ್ನ ಊಟ ಮುಗಿಸಿ ಬಂದು ಚೀಟಿ ನೋಡಿದ.

"ಇದರಲ್ಲಿ ನೀನು ಯಾರು ಮಾರಾಯ? ಆರೋಪಿಯಾ?"

"ಅಲ್ಲ ಸ್ವಾಮಿ, ಸತ್ತೋನ ತಮ್ಮ. ಸಾಕ್ಷಿ."

"ಸಾಕ್ಷಿಗೆ ನಕಲು ಯಾಕೆ? ನೀನೇ ಹೇಳಿದ್ದು ನಿಂಗೇ ಗೊತ್ತಿಲ್ಲವನಾ?"

"ನಾ ಹೇಳಿದ್ದು ಗೊತ್ತು ಸ್ವಾಮಿ. ಬರ್ಕಂಡಿದ್ದು ಏನು ಅಂತ ಗೊತ್ತಾಗಬೇಕು."

ಗುಮಾಸ್ತ ಅವನನ್ನು ಮೇಲಿಂದ ಕೆಳಗೆ ನೋಡಿದ. "ಅದೆಲ್ಲ ಆಗೂದಿಲ್ಲ. ನಾಳೆ ಬಾ. ಹೋಗುವಾಗ ನಮ್ಮನೆ ಹಿತ್ತಲಲ್ಲಿ ಹಲಸಿನ ಕೊರಡು ಬಿದ್ದದೆ, ಒಂದಿಷ್ಟು ಸೀಳಿ ಹೋಗು. ನೋಡೋಣ."

ಹುಲಿಯಪ್ಪ ಸೀಳಿದ. ನಾಳೆ ಬಂದಾಗ ಕೊಟ್ಟಿಗೆಯ ಗೊಬ್ಬರ ಹೊರುವುದಿತ್ತು. ಅದನ್ನೂ ಹೊತ್ತ. ಗುಮಾಸ್ತನ ಹೆಂಡತಿ ಹಿತ್ತಿಲ ಬಾಗಿಲಲ್ಲಿ ನಿಂತು ಬಾಳೆಲೆಯ ಮೇಲೆ ಅನ್ನ ಎತ್ತಿ ಹಾಕಿದಳು. ಕೊನೆಗೊಂದು ದಿನ ಗುಮಾಸ್ತನಿಗೆ ಬೇಸರ ಬಂತೋ, ಕನಿಕರ ಬಂತೋ, ಹೇಳಿದ: "ಸಾಕ್ಷಿ ಕೇಳಿದರೆ ಕೊಡೂಕೆ ಬರೂದಿಲ್ಲ ಕಣೋ. ಸತ್ತವನ ಹೆಂಡತಿ ಇದಾಳಲ್ಲ, ಅವಳು ಅರ್ಜಿ ಹಾಕಿದರೆ ಸಾಹೇಬರು ಮಂಜೂರು ಮಾಡಬಹುದು. ಅವಳನ್ನ ಕರ್ಕೊಂಡು ಬಾ."

ಹುಲಿಯಪ್ಪ ಊರಿಗೆ ಬಂದು ಅತ್ತಿಗೆಯ ಬಾಗಿಲಿಗೆ ಹೋಗಲಿಲ್ಲ. ಕೇರಿಯ ಬಾವಿಯ ಹತ್ತಿರ ಅವಳು ಕೊಡ ಇಳಿಸುವವರೆಗೆ ಕಾದು, ದೂರದಿಂದಲೇ ಹೇಳಿದ. ಸುಂಕಲಮ್ಮ ಕೊಡದ ಬಾಯಿಗೆ ಕೈಯೂರಿ ನಿಂತಳು.

"ನನ್ನ ಹೆಬ್ಬೆಟ್ಟೂ ಬೇಕಾತಾ ಈಗ?"

"ನೀ ಬರದಿದ್ರೆ ಕೊಡಲ್ಲಂತೆ ಅತ್ತಿಗೆ."

"ಬರ್ತೀನಿ. ಗೌಡ ಹೇಳಿದ್ದೇ ಅದರಾಗೆ ಇದ್ರೆ, ಅಲ್ಲೇ ಪ್ಯಾಟಿ ನಡುವೆ ನಿನ್ನ ಮುಖಕ್ಕೆ ಉಗೀತೀನಿ."

ಇಬ್ಬರೂ ನಡೆದೇ ಹೊರಟರು. ಅವನು ಮುಂದೆ, ಮಗುವನ್ನು ಸೊಂಟದ ಮೇಲೆ ಹೊತ್ತ ಅವಳು ಹಿಂದೆ. ಶಿರಾಳಕೊಪ್ಪ ದಾಟಿದರು. ಆಮೇಲೆ ಅವಳು ಹಿಂದಿನಿಂದ ಕೇಳಿದಳು.

"ಮೊದಲನೇ ಏಟು ಎಲ್ಲಿಗೆ ಬಿತ್ತು?"

ಹುಲಿಯಪ್ಪ ನಿಂತ.

"ನಿಲ್ಲಬ್ಯಾಡ. ನಡಿ. ನಡೀತಾ ಹೇಳು."

"ಎಡಗಡೆ ಪಕ್ಕೆಗೆ."

"ಏನಂದ ಆವಾಗ?"

"ತಪ್ಪಾತು ಧಣಿ ಅಂದ."

"ಗೌಡ ಏನಂದ?"

"ನೀರು ಬೇಕೇನಲೇ ನಿಂಗೆ, ಕುಡಿ, ಅಂದ. ಅಂದು ಬಾಯಿಗೆ ಹೊಡದ. ಅಣ್ಣನ ಹಲ್ಲು ಮುರೀತು. ಆಮ್ಯಾಲೆ ಅಣ್ಣ ತಪ್ಪಾತು ಅನ್ನಲಿಲ್ಲ. ನೀರು ಅಂದ. ಒಬ್ಬ ಆಳು ಚೊಂಬು ತಂದ್ರೆ ಗೌಡ ಅದನ್ನ ಒದ್ದ."

"ನನ್ನ ಹೆಸರು ತಗಂಡ್ನಾ?"

ಹುಲಿಯಪ್ಪ ತಿರುಗಿ ನೋಡದೆ ಹೇಳಿದ. "ತಗಂಡ. ಆಕಿಗೆ ಹೇಳಬ್ಯಾಡಲೇ, ಬಸುರಿ ಅದಾಳೆ ಅಂದ."

ಅವಳು ಮತ್ತೆ ಮತ್ತೆ ಕೇಳಿದಳು. ಹಿಂದೆ ಮುಂದೆ ಮಾಡಿ ಕೇಳಿದಳು. ಕಟ್ಟಿದ ಹಗ್ಗ ಯಾವುದು, ಬಿಚ್ಚಿದವರು ಯಾರು, ಮೇಣಿ ಮುರಿಯಿತೋ ಇಲ್ಲವೋ. ಅವನು ಎಲ್ಲಿಯೂ ತಪ್ಪಲಿಲ್ಲ. ತಪ್ಪಲಿಲ್ಲವೆಂದು ಅವಳು ಹೇಳಲೂ ಇಲ್ಲ.

ಸೊರಬದಲ್ಲಿ ಹೆಬ್ಬೆಟ್ಟು ಒತ್ತಿದಳು. ಸಾಹೇಬರ ಸಹಿಗೆ ಕಾದರು, ನಕಲು ಮಾಡುವವನು ಜ್ವರದಿಂದ ಏಳುವವರೆಗೆ ಕಾದರು. ಒಂದು ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದು ಹೊಟ್ಟೆ ಹೊರೆದರು. ನಕಲು ಕೈಗೆ ಬಂದಾಗ ಹುಲಿಯಪ್ಪ ಗುಮಾಸ್ತನಿಗೆ ಕೈ ಮುಗಿದು, "ಒಂದಿಷ್ಟು ಓದಿ ಹೇಳ್ರಿ ಸ್ವಾಮಿ," ಎಂದ.

"ಕೊಡೂದು ನನ್ನ ಕೆಲಸ. ಓದೂದಲ್ಲ."

ಸುಂಕಲಮ್ಮ ಕಾಗದವನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು. ಅದರಲ್ಲಿ ಏನಿದೆಯೆಂದು ತಿಳಿಯದೆ ಇಬ್ಬರೂ ಬಂದ ದಾರಿಯನ್ನೇ ನಡೆದು ಶಿಕಾರಿಪುರಕ್ಕೆ ಬಂದರು. ಹುಲಿಯಪ್ಪನ ನಡಿಗೆ ಹಗುರವಾಗಿತ್ತು. ದಾರಿಯಲ್ಲಿ ಮಗುವನ್ನು ತಾನೇ ಎತ್ತಿಕೊಂಡ. ಸುಂಕಲಮ್ಮ ಬೇಡವೆನ್ನಲಿಲ್ಲ.

ಹುಚ್ಚರಾಯಪ್ಪ ಕನ್ನಡಕವನ್ನು ಪಂಚೆಯಂಚಿಗೆ ಒರೆಸಿ ಓದತೊಡಗಿದ.

"ನಾನು ಮೃತ ಕೆಂಪಪ್ಪನ ಖಾಸಾ ತಮ್ಮನಾಗಿರುತ್ತೇನೆ. ಮೃತನು ಸದರಿ ದಿನ ಪಾನಮತ್ತನಾಗಿದ್ದನು. ಹುಣಸೆಕಾಯಿ ಬಡಿಯಲು ಮರ ಹತ್ತಿ ಕಾಲು ಜಾರಿ ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿರುತ್ತೇನೆ. ಆರೋಪಿಯು ಸ್ಥಳದಲ್ಲಿ ಹಾಜರಿರಲಿಲ್ಲ. ಆರೋಪಿಯು ನಮ್ಮ ಕುಟುಂಬವನ್ನು ತಂದೆಯಂತೆ ಸಲಹಿಕೊಂಡು ಬಂದಿರುತ್ತಾರೆ. ಪೊಲೀಸರ ಮುಂದೆ ನಾನು ಬೇರೆ ರೀತಿ ಹೇಳಿದ್ದಲ್ಲಿ ಅದು ದುಃಖದ ಭರದಲ್ಲಿ ಹೇಳಿದ್ದು. ಓದಿಸಿ ಕೇಳಿ ಸರಿಯೆಂದು ಒಪ್ಪಿರುತ್ತೇನೆ. ಹುಲಿಯಪ್ಪನ ಎಡಗೈ ಹೆಬ್ಬೆಟ್ಟಿನ ಗುರುತು."

ಹುಲಿಯಪ್ಪ ನೆಲದ ಮೇಲೆ ಕೂತುಬಿಟ್ಟ. ಅವನಿಗೆ ಆ ದಿನದ ಮುಸಾಫಿರಖಾನೆ ಕಣ್ಣಿಗೆ ಬಂತು. ತಾನು ಹೇಳುತ್ತಿದ್ದಾಗ ಸಾಹೇಬರು ಬೇರೆ ಕಾಗದಗಳಿಗೆ ಸಹಿ ಹಾಕುತ್ತಿದ್ದರು. ಗೌಡನಿಗೆ ಕುರ್ಚಿ ಹಾಕಿದ್ದರು. ಕ್ಯಾಂಪಿನ ಗುಮಾಸ್ತ ತಲೆಯೆತ್ತದೆ ಬರೆಯುತ್ತಲೇ ಇದ್ದ. ಕೊನೆಯಲ್ಲಿ ಏನನ್ನೋ ಗೊಣಗಿ ಓದಿ, ಮಸಿಗೆ ಬೆರಳು ಅದ್ದಿಸಿ ಒತ್ತಿಸಿಕೊಂಡಿದ್ದ. ಅವನು ಅಷ್ಟು ಹೊತ್ತು ಬರೆದದ್ದನ್ನು ನೋಡಿ, ತನ್ನ ಒಂದು ಮಾತನ್ನೂ ಬಿಟ್ಟಿಲ್ಲವೆಂದು ಹುಲಿಯಪ್ಪನಿಗೆ ಅಂದು ಸಮಾಧಾನವಾಗಿತ್ತು.

ಈಗ ಅವನು ಕಣ್ಣು ಮುಚ್ಚಿ ಅತ್ತಿಗೆಯ ಉಗುಳಿಗೆ ಕಾದ.

"ಪಾನಮತ್ತ ಅಂದ್ರೇನ್ರಿ?" ಎಂದಳು ಸುಂಕಲಮ್ಮ.

"ಕುಡಿದಿದ್ದ ಅಂತ."

"ಆಗಳೇ ಏನೋ ಅಂದ್ರಲ್ಲ, ಮುರ್ತ..."

"ಮೃತ. ಸತ್ತೋನು ಅಂತ."

ಅವಳು ಹುಲಿಯಪ್ಪನ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತೇನಲೇ ಈ ಮಾತು?"

"ಇಲ್ಲ ಅತ್ತಿಗೆ."

"ಇನ್ನೊಂದ್ಸಲ ಓದ್ರಿ," ಎಂದಳು. ಹುಚ್ಚರಾಯಪ್ಪ ಓದಿದ. ಅವಳು ತಲೆ ತಗ್ಗಿಸಿ ಒಂದೊಂದೇ ಮಾತನ್ನು ಕೇಳಿದಳು. "ಇದು ಇವನ ಬಾಯಾಗಿನ ಮಾತಲ್ಲ. ಹುಟ್ಟಿದಾಗಿಂದ ಅಣ್ಣ ಅಂದಾನೆ. ಇದರಾಗೆ ಒಂದ್ ಕಡೆನೂ ಅಣ್ಣ ಅಂತ ಇಲ್ಲ."

ಹುಲಿಯಪ್ಪ ಮುಖ ಮುಚ್ಚಿಕೊಂಡು ಅಳತೊಡಗಿದ. ಬೆಳೆದ ಗಂಡಸು ಬೀದಿಯಲ್ಲಿ ಅಳುವುದನ್ನು ಮರದಡಿ ಕೂತಿದ್ದ ಕಕ್ಷಿದಾರರು ತಿರುಗಿ ನೋಡಿದರು. ಸುಂಕಲಮ್ಮ ಅವನ ಬೆನ್ನ ಮೇಲೆ ಕೈಯಿಟ್ಟಳು.

"ಈಗ ಏನು ಮಾಡಬೇಕ್ರಿ?" ಎಂದು ಹುಚ್ಚರಾಯಪ್ಪನನ್ನು ಕೇಳಿದಳು.

"ಏನೂ ಮಾಡಾಕೆ ಬರಲ್ಲ ತಾಯಿ. ಮ್ಯಾಲಿನ ಕೋರ್ಟಿಗೆ ಹೋಗೋ ವಾಯಿದೆ ಮುಗಿದೈತಿ. ಇದನ್ನ ಬರಕಂಡ ಗುಮಾಸ್ತ ವರ್ಗ ಆಗಿ ಎಲ್ಲಿಗೋ ಹೋದ. ಆವಾಗಿದ್ದ ಸಾಹೇಬ್ರೂ ಈಗಿಲ್ಲ. ಇವನು ಈಗ ನಾನು ಹಂಗೆ ಹೇಳಿಲ್ಲ, ಹಿಂಗೆ ಹೇಳಿದ್ದೆ ಅಂದ್ರೆ ಇವನ ಕುತ್ತಿಗೆಗೇ ಬರ್ತೈತಿ. ಆಣೆ ಮಾಡಿ ಸುಳ್ಳು ಸಾಕ್ಷಿ ಹೇಳಿದ ಅಂತ ಇವನ ಮೇಲೇ ಕೇಸು ಹಾಕ್ತಾರೆ."

ಹುಲಿಯಪ್ಪ ತಲೆಯೆತ್ತಿದ. "ನನ್ನ ಮೇಲೆ ಕೇಸು ಹಾಕಿದ್ರೆ ನನ್ನ ಕೋರ್ಟಿಗೆ ಕರೀತಾರಾ ಸ್ವಾಮಿ?"

"ಕರೀದೆ? ನೀನೇ ಆರೋಪಿ ಆಗ್ತೀಯ."

"ಅವಾಗ ನಾ ಹೇಳಿದ್ದನ್ನ ಬರೀಬೇಕಲ್ಲ?"

ಹುಚ್ಚರಾಯಪ್ಪ ಉತ್ತರ ಕೊಡುವ ಮೊದಲೇ ಹುಲಿಯಪ್ಪ ಎದ್ದಿದ್ದ. ಅಂಗಳ ದಾಟಿದ. ಜಗಲಿ ಹತ್ತಿದ. ಬಾಗಿಲಲ್ಲಿದ್ದ ಜವಾನ "ಏಯ್, ಏಯ್" ಎನ್ನುವಷ್ಟರಲ್ಲಿ ಒಳಗೆ ಹೋಗಿ, ಯಾರದೋ ಬೇಲಿಯ ತಕರಾರು ಕೇಳುತ್ತಿದ್ದ ಸಾಹೇಬರ ಮುಂದೆ ನಿಂತ.

"ಸ್ವಾಮಿ, ನಾ ಸುಳ್ಳು ಸಾಕ್ಷಿ ಹೇಳೀನಿ. ನನ್ನ ಹಿಡೀರಿ."

ವಕೀಲರು ನಕ್ಕರು. ಜವಾನ ಅವನ ರಟ್ಟೆ ಹಿಡಿದ. ವಯಸ್ಸಿನಲ್ಲಿ ಚಿಕ್ಕವರಾಗಿದ್ದ ಆ ಸಾಹೇಬರು ಕೈಯೆತ್ತಿ ತಡೆದರು.

"ಕುಡಿದಿದ್ದೀಯಾ?"

"ಇಲ್ಲ ಸ್ವಾಮಿ. ನಮ್ಮಣ್ಣನೂ ಕುಡಿದಿರಲಿಲ್ಲ."

ಸಾಹೇಬರು ನಕಲನ್ನು ತರಿಸಿಕೊಂಡು ಓದಿದರು. ಓದಿ ಅದನ್ನು ಮಡಿಸಿ ಮೇಜಿನ ಮೇಲಿಟ್ಟರು. "ನೋಡು, ಇದನ್ನು ಇಲ್ಲಿಗೇ ಬಿಟ್ಟು ಮನೆಗೆ ಹೋಗು. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ."

"ಹೋಗಲ್ಲ ಸ್ವಾಮಿ."

ಅಂದು ಸಂಜೆ ಅವನನ್ನು ಲಾಕಪ್ಪಿಗೆ ಹಾಕಿದರು. ಸಾಹೇಬರೇ ಅವನ ಮೇಲೆ ದೂರು ಬರೆದರು. ದೂರು ಬರೆದವರೇ ವಿಚಾರಿಸುವಂತಿಲ್ಲವೆಂದು ಬೇರೊಬ್ಬ ಸಾಹೇಬರು ಬರುವ ದಿನಕ್ಕೆ ಕೇಸು ಬಿತ್ತು.

ಸುದ್ದಿ ಊರಿಗೆ ಹೋಯಿತು. ಗೌಡ ಕೆಂಪಪ್ಪನ ಗದ್ದೆಗೆ ಬೇರೆಯವರ ನೇಗಿಲು ಇಳಿಸಿದ. ಸುಂಕಲಮ್ಮನನ್ನು ಕೂಲಿಗೆ ಕರೆಯಕೂಡದೆಂದು ಹೇಳಿ ಕಳಿಸಿದ. ಅವಳು ಶಿಕಾರಿಪುರದ ಅಕ್ಕಿ ಗಿರಣಿಯ ಹಿಂದೆ ಗೋಣಿಚೀಲದ ಮರೆ ಕಟ್ಟಿಕೊಂಡು ಉಳಿದಳು. ಗಿರಣಿಯ ತೌಡು ಕೇರುತ್ತಿದ್ದಳು. ಲಾಕಪ್ಪಿನ ಕಿಟಕಿಯ ಹತ್ತಿರ ಹೋದಾಗಲೆಲ್ಲ ಹುಲಿಯಪ್ಪ ತಾನು ಹೇಳಬೇಕಾದದ್ದನ್ನು ಅವಳಿಗೆ ಒಪ್ಪಿಸುತ್ತಿದ್ದ. ಎಲ್ಲಿಂದ ಶುರು ಮಾಡಬೇಕು, ತೂಬಿನಿಂದಲೋ, ಗಾಲಿಯಿಂದಲೋ ಎಂದು ಕೇಳುತ್ತಿದ್ದ.

"ತೂಬಿನಿಂದಲೇ ಹೇಳು," ಎನ್ನುತ್ತಿದ್ದಳು ಅವಳು. "ನೀರು ಯಾಕೆ ತಿರುವಿದ ಅಂತ ಗೊತ್ತಾಗಬೇಕು."

ಕೇಸು ಕೂಗಿದ ದಿನ ಅವನು ಮುಖ ತೊಳೆದು ತಲೆಗೆ ನೀರು ಹಚ್ಚಿ ಬಾಚಿಕೊಂಡಿದ್ದ. ಕಟಕಟೆಯಲ್ಲಿ ನಿಂತಾಗ ಅವನ ಕಣ್ಣು ಗುಮಾಸ್ತನ ಲೇಖಣಿಯ ಮೇಲೇ ಇತ್ತು. ಹೊಸ ಸಾಹೇಬರು ಕಾಗದ ನೋಡಿಕೊಂಡು ಕೇಳಿದರು.

"ಪಂಚಾಕ್ಷರಪ್ಪನವರ ಮೇಲಿನ ಕೇಸಿನಲ್ಲಿ ನೀನು ಆಣೆ ಮಾಡಿ ಸುಳ್ಳು ಸಾಕ್ಷಿ ನುಡಿದೆ ಎಂದು ಆರೋಪ. ಏನು ಹೇಳುತ್ತೀಯ?"

"ಅದರಾಗೆ ಬರದಿರೋದು ಸುಳ್ಳು ಸ್ವಾಮಿ. ಪೂರಾ ಸುಳ್ಳು."

"ಹೆಬ್ಬೆಟ್ಟು ನಿನ್ನದೇ?"

"ನಂದೇ. ನಡೆದಿದ್ದು ಏನಪ್ಪ ಅಂದ್ರೆ, ಕೆರೆ ತೂಬಿನ ನೀರು..."

"ತಪ್ಪೊಪ್ಪಿಕೊಂಡಿದ್ದಾನೆ ಅಂತ ಬರೆದುಕೊಳ್ಳಿ," ಎಂದರು ಸಾಹೇಬರು ಗುಮಾಸ್ತನಿಗೆ. ಗುಮಾಸ್ತ ಒಂದು ಸಾಲು ಬರೆದ.

"ಕೆರೆ ತೂಬಿನ ನೀರು ಎಲ್ಲಾ ಗೌಡನ ಗದ್ದಿಗೇ ಹೋಗ್ತಿತ್ತು ಸ್ವಾಮಿ. ನಮ್ಮಣ್ಣ..."

"ಸಾಕು. ಒಪ್ಪಿಕೊಂಡ ಮೇಲೆ ವಿಚಾರಣೆ ಏನೂ ಇರೋದಿಲ್ಲ."

"ವಿಚಾರಣೆ ಬ್ಯಾಡ್ರಿ. ಬರ್ಕಳ್ರಿ ಅಷ್ಟೇ. ಅವರು ಬರೀತಾ ಇಲ್ಲ ಸ್ವಾಮಿ. ಲೇಖಣಿ ಕೆಳಗಿಟ್ಟಾರೆ."

ಸಾಹೇಬರು ಆರು ತಿಂಗಳ ಸಜೆ ಓದಿದರು. ಹುಲಿಯಪ್ಪ ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಇಬ್ಬರು ಪೇದೆಗಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಬಾಗಿಲವರೆಗೂ ಅವನು ಹೇಳುತ್ತಲೇ ಇದ್ದ. ಗಾಲಿಗೆ ಕಟ್ಟಿದ್ದು ಹೇಳಿದ. ಎಡಗಡೆ ಪಕ್ಕೆ ಎಂದ. ಅಷ್ಟರಲ್ಲಿ ಒಬ್ಬ ಪೇದೆ ಅವನ ಬಾಯಿಗೆ ಕೈ ಅಡ್ಡ ಇಟ್ಟ. ಹಿಂದಿನ ಬಾಗಿಲಿನಿಂದ ಸಬ್‌ಜೈಲಿನ ಕಡೆ ಎಳೆದುಕೊಂಡು ಹೋದರು.

ಅಂಗಳದಲ್ಲಿ ಸುಂಕಲಮ್ಮ ನಿಂತಿದ್ದಳು. ಒಳಗಿನದೆಲ್ಲ ಅವಳಿಗೆ ಕೇಳಿಸಿತ್ತು. ಜವಾನ ಮುಂದಿನ ಕೇಸಿನವರ ಹೆಸರು ಕೂಗಿದ. ಯಾರೋ ಕೆಮ್ಮುತ್ತ ಒಳಗೆ ಹೋದರು.

ಅವಳು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಜಗಲಿ ಹತ್ತಿದಳು. ಬಾಗಿಲಿಗೆ ಎದುರಾಗಿ ನೆಲದ ಮೇಲೆ ಕೂತಳು.

"ಏಯ್, ಇಲ್ಲಿ ಕೂರಂಗಿಲ್ಲ. ಕೆಳಗಿಳಿ," ಎಂದ ಜವಾನ.

"ಮೊದಲನೇ ಏಟು ಎಡಗಡೆ ಪಕ್ಕೆಗೆ ಬಿತ್ತು," ಎಂದಳು ಸುಂಕಲಮ್ಮ, ಒಳಗಿನವರಿಗೆ ಕೇಳುವಂತೆ. "ತಪ್ಪಾತು ಧಣಿ ಅಂದ. ಎರಡನೇದು ಬಾಯಿಗೆ ಬಿತ್ತು."

"ಹುಚ್ಚು ಹಿಡದೈತೇನೇ ನಿಂಗೆ? ಸಾಹೇಬ್ರು ಒಳಗದಾರೆ!"

"ಹೊಡದೋನು ಪಂಚಾಕ್ಷರಪ್ಪ."

ಜವಾನ ಅವಳ ರಟ್ಟೆಗೆ ಕೈ ಹಾಕಲು ಬಗ್ಗಿ, ಮಗು ಹೊತ್ತ ಹೆಂಗಸನ್ನು ಮುಟ್ಟಲಾರದೆ ಹಿಂದೆ ಸರಿದ. ಬೇವಿನ ಮರದಡಿ ಇದ್ದವರಲ್ಲಿ ಒಂದಿಬ್ಬರು ಎದ್ದು ನಿಂತರು. ಹುಚ್ಚರಾಯಪ್ಪ ಪೆಟ್ಟಿಗೆಯ ಮುಚ್ಚಳ ಹಾಕಿ ಬೇರೆ ಕಡೆ ನೋಡಿದ. ಒಳಗಿನಿಂದ ಯಾರೋ ಸಿಟ್ಟಿನಿಂದ ಏನೋ ಹೇಳಿದರು. ಜವಾನ ಎರಡೂ ಕದಗಳನ್ನು ಎಳೆದು ಒಳಗಿನಿಂದ ಚಿಲಕ ಹಾಕಿಕೊಂಡ.

ಸುಂಕಲಮ್ಮ ಮುಚ್ಚಿದ ಕದದ ಹತ್ತಿರಕ್ಕೆ ಸರಿದು ಕೂತಳು. ಮಗು ಮೊಲೆಗೆ ಬಾಯಿ ಹಾಕಿತು. ಅವಳು ದನಿಯನ್ನು ಇನ್ನಷ್ಟು ಎತ್ತಿ ಮೂರನೆಯ ಏಟು ಎಲ್ಲಿಗೆ ಬಿತ್ತೆಂದು ಹೇಳತೊಡಗಿದಳು.